ಮೂರು ಸುಣ್ಣದ ಬೊಟ್ಟು

ನಮ್ಮ ಗೋದಾಮಿನ ಹಾಜರಿ ಯಂತ್ರ ಮೋನಮ್ಮನ ಹೆಬ್ಬೆರಳನ್ನು ಒಂದು ದಿನವೂ ಗುರುತು ಹಿಡಿಯಲಿಲ್ಲ. ದಿನಾ ಬೆಳಗ್ಗೆ ಬಾಗಿಲಲ್ಲಿ ನಿಂತು, ಸೆರಗಿನಿಂದ ಬೆರಳು ಒರೆಸಿ, ಗಾಜಿನ ಮೇಲೆ ಒತ್ತುತ್ತಿದ್ದಳು. ಕೆಂಪು ದೀಪ. ಮತ್ತೆ ಒರೆಸಿ ಮತ್ತೆ ಒತ್ತುತ್ತಿದ್ದಳು. ಮತ್ತೆ ಕೆಂಪು. ಎಲೆಗೆ ಸುಣ್ಣ ಸವರಿ ಸವರಿ, ಚೀಲ ಎಳೆದು ಎಳೆದು ಆ ಬೆರಳಿನ ಗೆರೆಗಳೆಲ್ಲ ಸವೆದುಹೋಗಿದ್ದವು. ಕೊನೆಗೆ ನಾನೇ ಒಳಗಿನಿಂದ ಅವಳ ಹೆಸರು ಒತ್ತಿ ಬಿಟ್ಟುಕೊಳ್ಳಬೇಕಿತ್ತು. ಬೆಳಗಿನ ಗಡಿಬಿಡಿಯಲ್ಲಿ ಇದೊಂದು ಕಿರಿಕಿರಿ ಎಂದು ಗೊಣಗುತ್ತಿದ್ದೆ.

"ಮೋನಮ್ಮಕ್ಕಾ, ನಿನ್ನ ಬೆರಳಿಗೂ ಮಷಿನ್‌ಗೂ ಏನ್ ಜಗಳ ಅದ?"

"ಅದಕ್ಕ ನಾ ಬ್ಯಾಡಾಗೀನಿ ಕಾಣ್ತದ್ರಿ, ಹಜರಮ್ಮ," ಎಂದು ನಗುತ್ತಿದ್ದಳು. ನಗುವಾಗಲೂ ಕಣ್ಣು ಆ ಕೆಂಪು ದೀಪದ ಮೇಲೇ ಇರುತ್ತಿತ್ತು.

ನಾನು ಹಜರಾಬೀ. ಶಹಾಪುರದ ದರ್ಜಿಯ ಮಗಳು, ಬಿ.ಕಾಂ. ಓದಿದವಳು. ಬಸವಂತರಾಯ ಸಾಹುಕಾರರ ಗೋದಾಮಿನಲ್ಲಿ ಕಂಪ್ಯೂಟರ್ ಮುಂದೆ ಕೂರುತ್ತೇನೆ. ಶಹಾಪುರದಿಂದ ಭೀಮರಾಯನಗುಡಿಗೆ ಹೋಗುವ ದಾರಿಯಲ್ಲಿ ಕಾಲುವೆ ಪಕ್ಕದ ದೊಡ್ಡ ತಗಡಿನ ಶೆಡ್ಡು ನಮ್ಮದು. ಬೀಜ, ಗೊಬ್ಬರ, ಬೆಳೆಗೆ ಹೊಡೆಯುವ ಎಣ್ಣೆ, ಟಾನಿಕ್, ಪಂಪು, ಎಲ್ಲವೂ ಇಲ್ಲಿಂದಲೇ ಯಾದಗಿರಿ, ಶಹಾಪುರ, ಸುರಪುರ ತಾಲೂಕಿನ ಅಂಗಡಿಗಳಿಗೆ ಹೋಗುತ್ತವೆ. ಹುಳಕ್ಕೆ ಹೊಡೆಯುವ ವಿಷವನ್ನೂ ನಮ್ಮ ಜನ ಎಣ್ಣೆ ಎಂದೇ ಕರೆಯುತ್ತಾರೆ. ಹೊಲದ ಕಸ ಸುಡುವ ಕಳೆನಾಶಕಕ್ಕೆ ಕಸದ ಎಣ್ಣೆ ಎನ್ನುತ್ತಾರೆ. ಅದು ಹಸಿರು ಕಂಡಲ್ಲೆಲ್ಲ ಸುಡುತ್ತದೆ, ಕಸ ಯಾವುದು ಬೆಳೆ ಯಾವುದು ಎಂದು ನೋಡುವುದಿಲ್ಲ.

ಮೋನಮ್ಮ ಈ ಕಡೆಗೆ ಬಂದದ್ದು ಕಾಲುವೆ ತೋಡುವಾಗ. ಹದಿಮೂರು ವರ್ಷದ ಹುಡುಗಿ, ತಾಯಿಯ ಜೊತೆ ಮಣ್ಣಿನ ಬುಟ್ಟಿ ಹೊರಲು ಬಂದಳು. ಕ್ಯಾಂಪಿನ ಗುಡಿಸಲಿನಲ್ಲಿಯೇ ದೊಡ್ಡವಳಾದಳು, ಅಲ್ಲಿಯೇ ಹಮಾಲಿ ಮಾಡುತ್ತಿದ್ದ ಹುಲಗಪ್ಪನನ್ನು ಮದುವೆಯಾದಳು. ಕಾಲುವೆಗೆ ನೀರು ಬಿಟ್ಟ ಮೇಲೆ ಜೋಳದ ಹೊಲಗಳೆಲ್ಲ ಭತ್ತವಾದವು, ಮೆಣಸಿನಕಾಯಿಯಾದವು. ಸಾಹುಕಾರರ ತಂದೆ ಗೋದಾಮು ಕಟ್ಟಿಸಿದರು. ಹುಲಗಪ್ಪ ಅದರಲ್ಲಿ ಮೊದಲ ಹಮಾಲ. ಒಂದು ಮಳೆಗಾಲ ಗೊಬ್ಬರದ ಥಪ್ಪಿ, ಅಂದರೆ ಒಂದರ ಮೇಲೊಂದು ಒಟ್ಟಿದ ಚೀಲಗಳ ಗುಡ್ಡೆ, ಅವನ ಬೆನ್ನ ಮೇಲೆ ಕುಸಿಯಿತು. ಅಂದಿನಿಂದ ಅವನು ಹೊರಸಿನ ಮೇಲಿದ್ದಾನೆ. ಮರುದಿನ ಅವನ ಟವೆಲ್ಲನ್ನು ತಲೆಗೆ ಸುತ್ತಿಕೊಂಡು ಮೋನಮ್ಮ ಬಂದಳು. ಹೆಂಗಸಿಗೆ ಈ ಕೆಲಸ ಆಗದು ಎಂದು ಹಮಾಲರು ಗುಸುಗುಸು ಮಾಡಿದರಂತೆ. ಮಧ್ಯಾಹ್ನದೊಳಗೆ ಬಾಯಿ ಮುಚ್ಚಿದರಂತೆ.

ಅವಳಿಗೆ ಓದಲು ಬರುತ್ತಿರಲಿಲ್ಲ. ಅದೇನು ಗುಟ್ಟಲ್ಲ, ಹಮಾಲರಲ್ಲಿ ಯಾರಿಗೂ ಬರುತ್ತಿರಲಿಲ್ಲ. ಅವರಿಗೆ ಬೇರೆಯೇ ಒಂದು ಲಿಪಿ ಇತ್ತು. ಲಾರಿಯಲ್ಲಿ ಬರುವಾಗ ಡಬ್ಬಿಗಳು ನೆನೆದು ಹರಿದಿದ್ದರೆ ಒಳಗಿನ ಸೀಸೆಗಳನ್ನು ಕೈಗೆ ಸಿಕ್ಕ ಗಟ್ಟಿ ಡಬ್ಬಿಗೆ ತುಂಬುತ್ತಿದ್ದರು. ಯಾವ ಮಾಲಿನ ಡಬ್ಬಿಯಾದರೂ ಸರಿ. ಆಮೇಲೆ ಎಲೆಯಡಿಕೆ ಚೀಲದ ಸುಣ್ಣ ತೆಗೆದು ಡಬ್ಬಿಯ ಮೂಲೆಗೆ ಹೆಬ್ಬೆರಳಿನಿಂದ ಮೂರು ಬೊಟ್ಟು ಒತ್ತುತ್ತಿದ್ದರು. ಮೂರು ಬೊಟ್ಟು ಎಂದರೆ ಹೊರಗಿನದು ಒಂದು, ಒಳಗಿನದು ಇನ್ನೊಂದು. ಕಂಪನಿಗೆ ವಾಪಸ್ ಹೋಗಬೇಕಾದ ಮಾಲು, ಮುಟ್ಟಬೇಡ. ಹುಲಗಪ್ಪನ ಕಾಲದಿಂದ ನಡೆದು ಬಂದದ್ದು. ಇಪ್ಪತ್ತೈದು ವರ್ಷದಲ್ಲಿ ಒಂದು ಡಬ್ಬಿಯೂ ತಪ್ಪಿ ಹೋಗಿರಲಿಲ್ಲ.

ನಾನು ಕೆಲಸಕ್ಕೆ ಸೇರಿದ ದಿನವೇ ಅವಳು ನನ್ನನ್ನು ಮೂಲೆಗೆ ಕರೆದುಕೊಂಡು ಹೋಗಿ ತೋರಿಸಿದಳು. "ಹಜರಮ್ಮ, ಮೂರು ಬೊಟ್ಟ ಕಂಡ್ರ ಕೈ ಹಚ್ಚಬ್ಯಾಡ್ರಿ, ನನ್ನ ಕರೀರಿ."

ನನಗೆ ನಗು ಬಂತು. "ಇನ್ಮ್ಯಾಲ ಅದೆಲ್ಲ ಸ್ಕ್ರೀನ್ ಹೇಳ್ತದಕ್ಕಾ," ಎಂದೆ. ಈ ಮಾತು ಆಡಿದವಳು ನಾನೇ ಎಂಬುದನ್ನು ಇಲ್ಲಿ ಬರೆದಿಡುತ್ತೇನೆ. ಮುಂದೆ ಮರೆತಂತೆ ನಟಿಸಲು ನನಗೇ ಆಸೆಯಾಗಬಹುದು.

ಆ ವರ್ಷದ ಬೇಸಿಗೆಯಲ್ಲಿ ಹೈದರಾಬಾದಿನಿಂದ ಜನ ಬಂದು ಗೋದಾಮಿನ ಹೊಟ್ಟೆಯನ್ನೇ ಬದಲಿಸಿದರು. ಏಳು ಅಂತಸ್ತಿನ ಕಬ್ಬಿಣದ ರ್‍ಯಾಕುಗಳು ನಿಂತವು. ಎರಡು ಸಾಲಿನ ನಡುವೆ ಹಳಿ, ಹಳಿಯ ಮೇಲೆ ಓಡುವ ಕ್ರೇನು. ಬಾಗಿಲಲ್ಲಿ ಬೆಲ್ಟು. ಬೆಲ್ಟಿನ ಮೇಲೆ ಡಬ್ಬಿ ಇಟ್ಟರೆ ಒಂದು ಕೆಂಪು ಕಣ್ಣು ಅದರ ಮೇಲಿನ ಬಾರ್‌ಕೋಡಿನ ಗೆರೆಚೀಟಿ ಓದುತ್ತದೆ, ಒಂದು ನಂಬರು ಅಂಟಿಸುತ್ತದೆ, ಕ್ರೇನು ಬಂದು ಎತ್ತಿಕೊಂಡು ತನಗೆ ತೋಚಿದ ಗೂಡಿನಲ್ಲಿ ಇಟ್ಟುಬಿಡುತ್ತದೆ. ಅಂಗಡಿಯಿಂದ ಆರ್ಡರ್ ಬಂದಾಗ ನಾನು ಒತ್ತಬೇಕು, ಅದೇ ಹುಡುಕಿ ತಂದುಕೊಡುತ್ತದೆ. ಮೊದಲು ಬಂದ ಮಾಲು ಮೊದಲು ಹೊರಗೆ. ಒಳಗೆ ದೀಪ ಕೂಡ ಹಾಕುತ್ತಿರಲಿಲ್ಲ, ಅದಕ್ಕೆ ಬೆಳಕು ಬೇಕಿರಲಿಲ್ಲ. ಸುತ್ತ ಜಾಲರಿ. ಜಾಲರಿಯ ಬಾಗಿಲು ತೆರೆದರೆ ಸೈರನ್ ಕೂಗುತ್ತದೆ, ಯಂತ್ರ ನಿಲ್ಲುತ್ತದೆ, ಸಾಹುಕಾರರ ಫೋನಿಗೆ ಸುದ್ದಿ ಹೋಗುತ್ತದೆ.

ಆ ಕತ್ತಲಲ್ಲಿ ಕ್ರೇನು ತಾನೇ ತಾನಾಗಿ ಸರಿದಾಡುವ ಸದ್ದು ಕೇಳಿದರೆ ನನಗೇ ಮೈ ಜುಮ್ಮೆನ್ನುತ್ತಿತ್ತು. ಮೋನಮ್ಮನಂತೂ ಮೊದಲ ದಿನ ಜಾಲರಿಗೆ ಕೈಮುಗಿದಳು. ಹಮಾಲರು ಹದಿನೆಂಟು ಜನ ಇದ್ದರು. ದಸರೆಯ ಹೊತ್ತಿಗೆ ಐದು ಜನ ಉಳಿದರು. ಅವಳು ಐದನೆಯವಳು. ಹುಲಗಪ್ಪನ ಬೆನ್ನು ಮುರಿದದ್ದು ಇಲ್ಲಿಯೇ ಎಂದು ಸಾಹುಕಾರರು ಅವಳನ್ನು ಉಳಿಸಿಕೊಂಡರು ಎಂದು ಎಲ್ಲರೂ ಮಾತಾಡಿಕೊಂಡರು. ಒಂದು ತಪ್ಪು ಮಾಡಿದರೆ ಅದೂ ಇಲ್ಲ ಎಂಬುದು ಅವಳಿಗೆ ಗೊತ್ತಿತ್ತು.

ಬನ್ನಿ ಹಬ್ಬದ ಮೂರನೇ ದಿನ ಹಳೆಯ ಮಾಲನ್ನೆಲ್ಲ ಯಂತ್ರಕ್ಕೆ ಕೊಟ್ಟೆವು. ಬೆಳಗ್ಗೆ ಆರಕ್ಕೆ ಬೆಲ್ಟು ಶುರುವಾಯಿತು. ಅದು ನಿಲ್ಲುವುದಿಲ್ಲ, ಡಬ್ಬಿ ತಡವಾದರೆ ಕುಂಯ್ ಎಂದು ಅಳುತ್ತದೆ. ಹೈದರಾಬಾದಿನವರು "ಜಲ್ದಿ, ಜಲ್ದಿ" ಎಂದು ಬೆನ್ನು ಹತ್ತಿದ್ದರು. ಸಂಜೆಯ ಹೊತ್ತಿಗೆ ಕಿಟಕಿ ಕಡೆಯ ಕೊನೆಯ ಮೂಲೆಯೂ ಬರಿದಾಯಿತು. ಮೋನಮ್ಮನೇ ಆ ಮೂಲೆಯನ್ನು ಖಾಲಿ ಮಾಡಿ, ಕಸ ಗುಡಿಸಿ, ನೀರು ಚಿಮುಕಿಸಿದಳು. ಎಲ್ಲರೂ ಚಹಾ ಕುಡಿದೆವು.

ಮನೆಗೆ ಹೋಗಿ ಹುಲಗಪ್ಪನಿಗೆ ಗಂಜಿ ಕೊಡುವಾಗ ಅವಳಿಗೆ ನೆನಪಾಯಿತಂತೆ. ಕಿಟಕಿಯ ಮೂಲೆಯಲ್ಲಿ ಆರು ಡಬ್ಬಿಗಳಿಗೆ ಮೂರು ಬೊಟ್ಟಿದ್ದವು. ಮಳೆಗಾಲದಲ್ಲಿ ನೆನೆದು ಬಂದ ಕಸದ ಎಣ್ಣೆ. ಸೀಸೆಗಳ ಮೇಲಿನ ಚೀಟಿಗಳೆಲ್ಲ ಕೊಳೆತು ಉದುರಿದ್ದವು, ಬರೀ ಹಸಿರು ಸೀಸೆಗಳು. ಅವುಗಳನ್ನು ಅವಳೇ ಟಾನಿಕ್ಕಿನ ಖಾಲಿ ಡಬ್ಬಿಗಳಿಗೆ ತುಂಬಿ, ಕಂಪನಿಯವರು ಬಂದು ಒಯ್ಯಲಿ ಎಂದು ಬದಿಗಿಟ್ಟಿದ್ದಳು. ಬೆಲ್ಟಿನ ಗದ್ದಲದಲ್ಲಿ ಅವಳ ಕೈ ಅವುಗಳನ್ನೂ ಎತ್ತಿ ಇಟ್ಟುಬಿಟ್ಟಿತ್ತು. ಯಂತ್ರದ ಕಣ್ಣಿಗೆ ಸುಣ್ಣ ಕಾಣುವುದಿಲ್ಲ. ಅದು ಗೆರೆಚೀಟಿ ಓದಿತು. ಮೆಣಸಿನಕಾಯಿಗೆ ಹೊಡೆಯುವ ಟಾನಿಕ್, ಆರು ಡಬ್ಬಿ ಎಂದು ಬರೆದುಕೊಂಡಿತು.

ಒಂದು ಡಬ್ಬಿಯಲ್ಲಿ ಇಪ್ಪತ್ತು ಸೀಸೆ. ಒಂದು ಸೀಸೆ ಒಂದು ಎಕರೆಗೆ. ಹೂವು ಕಾಯಿ ತುಂಬಿ ನಿಂತ ಮೆಣಸಿನ ಗಿಡಕ್ಕೆ ಟಾನಿಕ್ ಎಂದು ಅದನ್ನು ಹೊಡೆದರೆ ವಾರದೊಳಗೆ ಹೊಲವೇ ಒಣಗಿ ನಿಲ್ಲುತ್ತದೆ. ಮೋನಮ್ಮ ಅರ್ಧ ಆಯುಷ್ಯ ಮಂದಿಯ ಹೊಲದಲ್ಲಿ ಮೆಣಸಿನಕಾಯಿ ಬಿಡಿಸಿದವಳು. ಅದನ್ನು ಅವಳಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

ಮರುದಿನ ಹೇಳಬೇಕೆಂದೇ ಬಂದಳಂತೆ. ಬಂದವಳು ಬಾಗಿಲಲ್ಲಿ ಬೆರಳು ಒತ್ತಿದಳು, ಕೆಂಪು ದೀಪ ಹತ್ತಿತು, ನಾನು ಒಳಗಿನಿಂದ ರೇಗಿದೆ. ಹೇಳದೆಯೇ ಕೆಲಸಕ್ಕೆ ಹೋದಳು. ಹೇಳಿದರೆ ನಾಲ್ಕೇ ಜನ ಉಳಿಯುತ್ತಾರೆ. ಹುಲಗಪ್ಪನ ಗುಳಿಗೆ, ಹೊಟ್ಟೆ, ಎರಡೂ ಅವಳ ಕೈಯಲ್ಲಿದ್ದವು. ಕೊನೆಗೆ ಹೋದ ಡಬ್ಬಿಗಳು ಕೊನೆಗೇ ಬರುತ್ತವೆ, ಬರುವಾಗ ನಾನೇ ಹಿಡಿಯುತ್ತೇನೆ ಎಂದು ಲೆಕ್ಕ ಹಾಕಿದಳು. ಆಗ ಅವಳ ಕೆಲಸ ಹೊರಗಿನ ಬೆಲ್ಟಿನ ತುದಿಯಲ್ಲಿತ್ತು. ಬಂದ ಡಬ್ಬಿಯನ್ನು ಎತ್ತಿ ಲಾರಿಗೆ ತಳ್ಳುವುದು.

ಎರಡು ತಿಂಗಳು. ದಿನಾ ಅವಳು ಬೆಲ್ಟಿನ ತುದಿಯಲ್ಲಿ ನಿಂತು ಟಾನಿಕ್ಕಿನ ಪ್ರತಿ ಡಬ್ಬಿಯ ನಾಲ್ಕೂ ಮೂಲೆ ತಡವುತ್ತಿದ್ದಳು. ಉಣ್ಣಲು ಕೂತರೂ ಕಣ್ಣು ಅಲ್ಲೇ. ನೀರು ಕುಡಿಯಲು ಹೋಗುವಾಗ ಓಡಿ ಹೋಗಿ ಓಡಿ ಬರುತ್ತಿದ್ದಳು. ಜ್ವರ ಬಂದ ದಿನವೂ ಬಂದಳು. "ಮನಿಯಾಗ ಮಲಕೊಬಾರದ?" ಎಂದು ನಾನು ಕೇಳಿದರೆ, "ಮಲಕೊಂಡ್ರ ನಿದ್ದಿ ಬರಬೇಕಲ್ರಿ," ಎಂದಳು. ಮುದುಕಿಗೆ ಕೆಲಸದ ಮೇಲೆ ಎಷ್ಟು ಆಸೆ ಎಂದುಕೊಂಡೆ. ಎದುರಿಗೆ ಒಂದು ಜೀವ ಹೆದರಿ ಹೆದರಿ ಸವೆಯುತ್ತಿತ್ತು, ನನಗೆ ಸ್ಕ್ರೀನ್ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ.

ಎಳ್ಳಮಾಸಿಗೆ, ಅಂದರೆ ಎಳ್ಳು ಅಮಾವಾಸ್ಯೆಗೆ, ಒಂದು ವಾರ ಇರುವಾಗ ಮೊದಲ ಬೊಟ್ಟಿನ ಡಬ್ಬಿ ಇಳಿದು ಬಂತು.

"ಹಜರಮ್ಮ, ಇದು ಒಡದದರಿ," ಎಂದು ಕೂಗಿದಳು. ಒಡೆದ ಮಾಲಿಗೆ ನನ್ನ ಸ್ಕ್ರೀನಿನಲ್ಲಿ ಒಂದು ಗುಂಡಿ ಇದೆ. ಒತ್ತಿದೆ. ಡಬ್ಬಿ ಹಾಳಾದ ಮಾಲು ಇಡುವ ಬೀಗದ ಪಂಜರಕ್ಕೆ ಹೋಯಿತು, ಅದರ ಬದಲು ಬೇರೆಯದು ಬಂತು. ಎರಡು ದಿನ ಬಿಟ್ಟು ಇನ್ನೊಂದು. ಆಮೇಲೆ ಒಂದೇ ದಿನ ಎರಡು. ನಾಲ್ಕನೆಯದಕ್ಕೆ ನಾನು ಕುರ್ಚಿಯಿಂದ ಎದ್ದು ಬಂದೆ.

"ಟಾನಿಕ್ ಡಬ್ಬಿನೇ ಯಾಕ ಒಡೀತಾವ? ಅದೂ ನಿನ್ನ ಕೈಯಾಗೇ? ಹಿಂಗಾದ್ರ ಸಾಹುಕಾರ್ರಿಗೆ ಹೇಳಬೇಕಾಗ್ತದ ನೋಡು."

ಕದಿಯುತ್ತಾಳೆ ಎಂದೇ ನನ್ನ ಅನುಮಾನ. ಅವಳ ಮುಖ ಬೂದಿಯಾಯಿತು. ಆ ಹೊತ್ತಿನಲ್ಲಿ ನಾನು ಸ್ವಲ್ಪ ಮೆತ್ತಗೆ ಕೇಳಿದ್ದರೆ ಹೇಳಿಬಿಡುತ್ತಿದ್ದಳು. ಆಮೇಲೆ ಅವಳೇ ಹಾಗೆಂದಳು, ಬೈದು ಹೇಳಲಿಲ್ಲ, ಸುಮ್ಮನೆ ಹೇಳಿದಳು.

ಇನ್ನೂ ಎರಡು ಡಬ್ಬಿ ಒಳಗಿದ್ದವು. ಅಮಾವಾಸ್ಯೆಯ ಹಿಂದಿನ ದಿನ ಮನೆಗೆ ಹೋಗುವಾಗ ಕೇಳಿದಳು: "ನಾಳಿ ಸುಟ್ಟಿ ಹೌದಲ್ರಿ?"

"ಹೌದು, ಹೋಗು," ಎಂದೆ. ಸುಳ್ಳಲ್ಲ. ನಮ್ಮ ಕಡೆ ಅಮಾವಾಸ್ಯೆ ದಿನ ಹಮಾಲರು ಭಾರ ಎತ್ತುವುದಿಲ್ಲ, ಅಡತಿ ಅಂಗಡಿಗಳೂ ಮುಚ್ಚಿರುತ್ತವೆ. ಎಳ್ಳಮಾಸಿ ಎಂದರೆ ಕೇಳುವುದೇ ಬೇಡ, ಊರಿಗೆ ಊರೇ ಹೊಲದಲ್ಲಿರುತ್ತದೆ. ಗೋದಾಮು ಅಮಾವಾಸ್ಯೆಯಂದು ಬಾಗಿಲು ತೆರೆದದ್ದೇ ಇಲ್ಲ.

ಸಂಜೆ ಸಾಹುಕಾರರ ಫೋನು ಬಂತು. "ಮೆಣಸಿನಕಾಯಿ ಸೀಜನ್ ಜೋರದ. ಎಂಟ್ಹತ್ತು ಅಂಗಡಿ ಆರ್ಡರ್ ನಿಂತಾವ. ಮಷಿನ್‌ಗೇನು ಅಮಾಸಿ ಅದ ಏನು? ನೀನು, ಲಾಡ್ಲೇಸಾಬ ಸೇರಿ ಮುಂಜಾನಿ ಎರಡು ತಾಸಿನ್ಯಾಗ ಮುಗಿಸ್ರಿ." ಲಾಡ್ಲೇಸಾಬ ನಮ್ಮ ಗಾಡಿಯ ಡ್ರೈವರ್. ನಮಗಿಬ್ಬರಿಗೂ ಅಮಾವಾಸ್ಯೆಯ ಅಡ್ಡಿ ಇಲ್ಲ. ಬೆಳಗ್ಗೆ ಆರಕ್ಕೇ ಬಂದೆವು.

ಹೊಸ ಪದ್ಧತಿಯಲ್ಲಿ ಗಾಡಿಗೆ ಹಾಕುವ ಮುನ್ನ ಪ್ರತಿ ಡಬ್ಬಿಯ ಫೋಟೋ ತೆಗೆಯಬೇಕು. ಡಬ್ಬಿ ಸ್ವಚ್ಛ ಕಾಣಬೇಕು ಎಂಬುದು ಸಾಹುಕಾರರ ಹಟ. ಬಕೆಟ್ಟಿನಲ್ಲಿ ಒದ್ದೆ ಬಟ್ಟೆ ಇಟ್ಟುಕೊಂಡಿದ್ದೆ. ಟಾನಿಕ್ಕಿನ ಎರಡು ಡಬ್ಬಿಗಳ ಮೂಲೆಯಲ್ಲಿ ಬಿಳಿ ಕಲೆ ಇತ್ತು. ಬೇಕಾದರೆ ಮೂರು ಎಂದು ಎಣಿಸಬಹುದಿತ್ತು. "ಈ ಮುದುಕಿ ಸುಣ್ಣದ ಕೈ ಎಲ್ಲಿ ಬೇಕಲ್ಲಿ ಒರಸ್ತಾಳ ನೋಡ್ರಿ," ಎಂದು ಲಾಡ್ಲೇಸಾಬನಿಗೆ ಹೇಳಿದೆ. ಒರೆಸಿದೆ. ಚೆನ್ನಾಗಿ ತಿಕ್ಕಿ ಒರೆಸಿದೆ. ಫೋಟೋ ತೆಗೆದೆ. ಎಂಟೂವರೆಗೆ ಗಾಡಿ ಹೊರಟಿತು.

ಹನ್ನೆರಡರ ಹೊತ್ತಿಗೆ ಮೋನಮ್ಮ ವನದುರ್ಗದಲ್ಲಿ ತಂಗಿ ಬಾಲಮ್ಮನ ಹೊಲದಲ್ಲಿದ್ದಳು. ಭೂಮಿತಾಯಿಗೆ ಎಡೆಯ ಚರಗ ಚೆಲ್ಲಿ, ಸಜ್ಜೆ ರೊಟ್ಟಿ, ಭಜ್ಜಿ, ಅಂಬಲಿ ಉಂಡು ಎಲ್ಲರೂ ಬನ್ನಿ ಮರದ ನೆರಳಲ್ಲಿ ಕೂತಿದ್ದರು. ಎರಡು ತಿಂಗಳ ಮೇಲೆ ಆವತ್ತೇ ಅವಳು ಹೊಟ್ಟೆ ತುಂಬ ಉಂಡಿದ್ದಳು. ಬಾಲಮ್ಮನ ಗಂಡ ಎಲೆಗೆ ಸುಣ್ಣ ಹಚ್ಚುತ್ತ ಅಂದ:

"ನಾಳಿ ಮೆಣಸಿನಕಾಯಿಗೆ ಟಾನಿಕ್ ಹೊಡೀತೀನಿ. ಈಗರ ಅಂಗಡಿಗೆ ಮಾಲು ಬಂದಾದ."

"ಇವತ್ತು ಎಲ್ಲಿಂದ ಬರ್ತದೋ ಮಾರಾಯ? ಅಮಾಸಿ ಅದ."

"ನಿಮ್ಮ ಗೋದಾಮಿಂದನ ಬಂದದ. ಲಾಡ್ಲೇಸಾಬನ ಗಾಡಿ ನಾನ ನೋಡೀನಿ."

ಕೈಯಲ್ಲಿದ್ದ ಅಂಬಲಿಯ ಚರಿಗೆ ಕೆಳಗೆ ಬಿತ್ತಂತೆ. ಬದುವಿನ ಮೇಲೆ ಬರಿಗಾಲಲ್ಲಿ ಓಡಿ ಅಂಗಡಿಗೆ ಹೋದಳು. ಅಂಗಡಿಯವನು ನಗುತ್ತ ಡಬ್ಬಿ ತೆರೆದು ತೋರಿಸಿದ. ಸೀಸೆಗಳ ಮೇಲೆ ಚೀಟಿ ಇದ್ದವು. ಟಾನಿಕ್ಕೇ. ಇಲ್ಲಿಗೆ ಬಂದಿಲ್ಲ ಎಂದರೆ ಮತ್ತೆಲ್ಲಿಗೆ ಹೋದವು? ಮೂರು ತಾಲೂಕು. ಟಂಟಂ ಆಟೋ ಹತ್ತಿ ಶಹಾಪುರಕ್ಕೆ ಬಂದಳು.

ನಾನು ಉಳಿದ ಲೆಕ್ಕ ಮುಗಿಸಿ, ಕಂಪ್ಯೂಟರ್ ಮುಚ್ಚಿ ಮನೆಗೆ ಹೊರಟಿದ್ದೆ. ಮಧ್ಯಾಹ್ನ ಒಂದೂವರೆ. ಬಾಗಿಲ ಗಾಜಿಗೆ ಯಾರೋ ಎರಡೂ ಕೈಯಿಂದ ಬಡಿಯುತ್ತಿದ್ದರು. ತೆರೆದರೆ ಮೋನಮ್ಮ. ಕಾಲಿನ ತುಂಬ ಹೊಲದ ಕರಿ ಮಣ್ಣು. ಅಲ್ಲಿಯವರೆಗೆ ನನ್ನನ್ನು ಬಹುವಚನದಲ್ಲಿ ಮಾತಾಡಿಸುತ್ತಿದ್ದವಳು ಅಂದು ಅದನ್ನು ಮರೆತಳು.

"ಯವ್ವಾ, ನೀ ಇವತ್ತ ಮಾಲು ಕಳಿಸೀದಿ? ಅದರಾಗ ಕಸದ ಎಣ್ಣಿ ಅದ. ಟಾನಿಕ್ ಡಬ್ಬ್ಯಾಗ ಕಸದ ಎಣ್ಣಿ ಅದ. ನಾನ ತುಂಬಿದ್ದೆ. ಮೂರು ಬೊಟ್ಟ ಹಚ್ಚಿದ್ದೆ."

ಎಲ್ಲವನ್ನೂ ಹೇಳಿದಳು. ಹೇಳುತ್ತ ಹೇಳುತ್ತ ಅವಳ ಕಣ್ಣು ಗೂಟಕ್ಕೆ ಹಾಕಿದ್ದ, ನಾನು ಬೆಳಗ್ಗೆ ಡಬ್ಬಿ ಒರೆಸಿದ ಬಟ್ಟೆಯ ಮೇಲೆ ನಿಂತಿತು. ಒಣಗಿದ ಬಟ್ಟೆಯಲ್ಲಿ ಬಿಳಿಯ ಸುಣ್ಣ ಕಟ್ಟಿತ್ತು. ಅವಳು ಅದನ್ನು ನೋಡಿದಳು, ನನ್ನನ್ನು ನೋಡಿದಳು.

"ಎಲ್ಲೆಲ್ಲಿ ಹೋಗ್ಯಾವ, ನಿನ್ನ ಮಷಿನ್ ಹೇಳ್ತದಾ?" ಎಂದು ಕೇಳಿದಳು.

ಹೇಳುತ್ತದೆ. ಆದರೆ ಆವತ್ತು ಇಪ್ಪತ್ತೆರಡು ಡಬ್ಬಿ ಟಾನಿಕ್ ಹೋಗಿತ್ತು, ಅದಕ್ಕೆ ಎಲ್ಲವೂ ಒಂದೇ. ಅದರಲ್ಲಿ ಆ ಎರಡು ಯಾವುವು ಎಂದು ಹುಡುಕಲು ನನಗೆ ದಾರಿ ಕಾಣಲಿಲ್ಲ.

ಮೋನಮ್ಮ ಕಣ್ಣು ಮುಚ್ಚಿ ನಿಂತಳು. "ತಡಿ. ಆವತ್ತ ಕಿಟಕಿ ಮೂಲ್ಯಾಗ ಮೊದಲ ಪಂಪಿನ ಡಬ್ಬಿ ಇದ್ವು. ಹದಿನಾಕು. ಅವು ಮುಗದ ಮ್ಯಾಲ ಈ ಆರು. ಅದಾದ ಮ್ಯಾಲ ತಾಡಪತ್ರಿ ಸುರುಳಿ ಇಟ್ಟೆ. ಆಮ್ಯಾಲ ಚಾ."

ನಾನು ಆ ದಿನದ ಪಟ್ಟಿ ತೆಗೆದೆ. ಹದಿನಾಲ್ಕು ಪಂಪು. ಅದರ ಕೆಳಗೆ ಸಾಲಾಗಿ ಆರು ಟಾನಿಕ್, ಆರು ನಂಬರು. ಅದರ ಕೆಳಗೆ ತಾಡಪತ್ರಿ. ಆರರಲ್ಲಿ ನಾಲ್ಕರ ಮುಂದೆ 'ಒಡೆದಿದೆ' ಎಂದಿತ್ತು. ಐದನೆಯದು ಸುರಪುರ. ಆರನೆಯದು ಕೆಂಭಾವಿ.

ಸುರಪುರದ ಅಂಗಡಿ ಮುಚ್ಚಿತ್ತು. ಲಾಡ್ಲೇಸಾಬ ಪಡಸಾಲೆಯಲ್ಲಿ ಇಳಿಸಿದ ಡಬ್ಬಿ ಹಾಗೇ ಇದೆ, ಮುಟ್ಟುವುದಿಲ್ಲ ಎಂದು ಅಂಗಡಿಯವರು ಫೋನಿನಲ್ಲಿ ಹೇಳಿದರು. ಕೆಂಭಾವಿಯ ಬಸವಣ್ಣನ ಅಂಗಡಿ ತೆರೆದಿತ್ತು. "ಡಬ್ಬಿ ಒಡದು ಒಂದ ಸೀಸೆ ಕೊಟ್ಟೀನಿ. ಚೀಟಿ ಇರಲಿಲ್ಲ, ಡಬ್ಬಿ ಮ್ಯಾಲ ಟಾನಿಕ್ ಅಂತ ಬರದಿತ್ತಲ್ಲ ಅಂತ ಕೊಟ್ಟೆ. ದ್ಯಾವಪ್ಪ ಒಯ್ದಾನ, ಕಾಲುವಿ ಕೊನಿ ಹೊಲದಾಂವ. ಇವತ್ತ ಹೊಡ್ಯಾಂಗಿಲ್ಲ ಬಿಡ್ರಿ, ಅಮಾಸಿ ಅದ."

ನನಗೆ ಉಸಿರು ಬಂತು. ಮೋನಮ್ಮನಿಗೆ ಬರಲಿಲ್ಲ. "ಅವನ ಪಾಳಿ ಯಾವತ್ತದ ಕೇಳು," ಎಂದಳು. ಕಾಲುವೆಯ ನೀರು ಹೊಲಗಳಿಗೆ ಪಾಳಿಯ ಮೇಲೆ ಬಿಡುತ್ತಾರೆ, ಕೊನೆಯ ಹೊಲಕ್ಕೆ ಹದಿನೈದು ದಿನಕ್ಕೊಮ್ಮೆ ಬಂದರೆ ಪುಣ್ಯ.

"ನಾಳಿ ನಸಕಿನ್ಯಾಗ," ಎಂದ ಬಸವಣ್ಣ.

"ಹಂಗಾದ್ರ ಇವತ್ತ ಹೊಡೀತಾನ. ನಾಳಿ ಹೊಲದಾಗ ನೀರಿದ್ರ ಕಾಲಿಡಾಕ ಬರಂಗಿಲ್ಲ," ಎಂದು ಮೋನಮ್ಮ ಆಗಲೇ ಬಾಗಿಲು ದಾಟಿದ್ದಳು.

ದ್ಯಾವಪ್ಪನ ಫೋನು ಹತ್ತುತ್ತಿರಲಿಲ್ಲ. ಊಟಕ್ಕೆ ಕೂತಿದ್ದ ಲಾಡ್ಲೇಸಾಬನನ್ನು ಎಬ್ಬಿಸಿಕೊಂಡು ಹೊರಟೆವು. ದಾರಿಯಲ್ಲಿ ಸಾಹುಕಾರರಿಗೆ ಫೋನು ಮಾಡಿದೆ. ಅವರು ಬೈದದ್ದು ಗಾಡಿಯ ಸದ್ದಿನಲ್ಲೂ ಮೂವರಿಗೂ ಕೇಳಿಸಿತು. ಮೋನಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ಕೂತಿದ್ದಳು. ಎರಡೂ ಕಡೆ ಹೊಲಗಳಲ್ಲಿ ಜನ ಹಬ್ಬದ ಬಟ್ಟೆ ಉಟ್ಟು ಉಂಡು ನಗುತ್ತಿದ್ದರು. ಒಂದೊಂದು ಮೆಣಸಿನ ಹೊಲ ಕಂಡಾಗಲೂ ಅವಳು ಮುಖ ತಿರುಗಿಸುತ್ತಿದ್ದಳು. ನಾನು ಅಷ್ಟು ಹೆದರಿದ್ದು ಜೀವಮಾನದಲ್ಲೇ ಇಲ್ಲ. ನಾಚಿಕೆ ಬಿಟ್ಟು ಹೇಳುತ್ತೇನೆ, ಆ ಹೆದರಿಕೆಯಲ್ಲಿ ಅರ್ಧ ಆ ಹೊಲಕ್ಕಾಗಿ, ಅರ್ಧ ಆ ಗೂಟದ ಬಟ್ಟೆಗಾಗಿ ಇತ್ತು.

ಕಾಲುವೆಯ ಏರಿಯ ಮೇಲೆ ಗಾಡಿ ನಿಂತಾಗ ಹೊತ್ತು ಇಳಿಯುತ್ತಿತ್ತು. ಕೆಳಗೆ ಒಂದು ಎಕರೆ ಮೆಣಸಿನಕಾಯಿ, ಹಸಿರಿನ ನಡುವೆ ಕೆಂಪು ಹಣ್ಣು ಇಣುಕುತ್ತಿದ್ದವು. ಬೆನ್ನಿಗೆ ಪಂಪು ಹಾಕಿಕೊಂಡ ಒಬ್ಬ ಮನುಷ್ಯ ಐದನೇ ಸಾಲಿಗೆ ತಿರುಗುತ್ತಿದ್ದ.

"ನಿಲ್ಸೋ ಯಪ್ಪಾ! ನಿಲ್ಸೋ!"

ಐವತ್ತೈದು ವರ್ಷದ ಹೆಂಗಸು ಆ ಏರಿಯಿಂದ ಹೇಗೆ ಇಳಿದಳೋ ನನಗೆ ಗೊತ್ತಿಲ್ಲ. ಜಾರಿ ಬಿದ್ದಳು, ಎದ್ದಳು, ಗಿಡಗಳ ನಡುವೆ ಓಡಿ ಪಂಪಿನ ನಳಿಕೆಯನ್ನು ಕೈಯಿಂದಲೇ ಹಿಡಿದುಕೊಂಡಳು. ಎಣ್ಣೆ ಅವಳ ಮೊಣಕೈವರೆಗೆ ಹರಿಯಿತು.

"ಯಾರಬೇ ನೀ? ಹುಚ್ಚ ಹಿಡದಾದ ಏನು?" ದ್ಯಾವಪ್ಪ ಕಿರುಚಿದ.

"ಇದು ಟಾನಿಕ್ ಅಲ್ಲ. ಕಸದ ಎಣ್ಣಿ. ನಾನ ತಪ್ಪ ಮಾಡೀನಿ. ನನ್ನ ಆಮ್ಯಾಲ ಹೊಡಿ, ಮೊದಲ ನೀರು ತಗೊಂಬಾ."

ಅವನು ಪಂಪು ಇಳಿಸಿ ಮೂಸಿ ನೋಡಿದ. ಕೈ ಎತ್ತಿದವನು ಎತ್ತಿದ ಹಾಗೇ ನಿಂತ. ಆಮೇಲೆ ಕೊಡ ತರಲು ಓಡಿದ. ಅವನು, ಅವನ ಹೆಂಡತಿ, ನಾನು, ಲಾಡ್ಲೇಸಾಬ, ಮೋನಮ್ಮ, ಐದೂ ಜನ ಕಾಲುವೆಯಿಂದ ನೀರು ಹೊತ್ತು ಆ ನಾಲ್ಕು ಸಾಲಿನ ಒಂದೊಂದು ಗಿಡವನ್ನೂ ಎಲೆ ಎಲೆಯಾಗಿ ತೊಳೆದೆವು. ಮೋನಮ್ಮ ಏರಿಯನ್ನು ಹತ್ತಿ ಇಳಿದದ್ದನ್ನು ನೋಡಬೇಕಿತ್ತು. ಈ ಕಾಲುವೆಯ ಮಣ್ಣನ್ನು ಹದಿಮೂರು ವರ್ಷಕ್ಕೇ ಹೊತ್ತವಳು, ಈಗ ಅದರ ನೀರನ್ನು ಹೊರುತ್ತಿದ್ದಳು. ಹೊತ್ತು ಮುಳುಗಿ ಗಿಡ ಕಾಣದಾಗುವವರೆಗೂ ನಿಲ್ಲಿಸಲಿಲ್ಲ. ಮುಂದೆ ಎರಡು ಸಾಲು ಒಣಗಿದವು, ಎರಡು ಸಾಲು ಎಲೆ ಮುದುಡಿಕೊಂಡು ಬದುಕಿದವು. ಉಳಿದ ಹೊಲಕ್ಕೆ ಏನೂ ಆಗಲಿಲ್ಲ.

ಮರುದಿನ ಬೆಳಗ್ಗೆ ಸಾಹುಕಾರರು ಬಂದು ನನ್ನ ಕುರ್ಚಿಯಲ್ಲಿ ಕೂತರು. ಮೋನಮ್ಮ ಎದುರು ನಿಂತಿದ್ದಳು, ನಾನು ಪಕ್ಕದಲ್ಲಿ. ಅವಳ ಕೈ ಕೆಂಪಾಗಿ ಬಾತಿತ್ತು, ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡಿದ್ದಳು. ಸಾಹುಕಾರರು ಕೆಟ್ಟವರಲ್ಲ, ಆದರೆ ಅವರೂ ಹೆದರಿದ್ದರು. ಹೊಲ ಪೂರ್ತಿ ಸುಟ್ಟಿದ್ದರೆ ಮೂರು ತಾಲೂಕಿನಲ್ಲಿ ಅವರ ಹೆಸರು ಉಳಿಯುತ್ತಿರಲಿಲ್ಲ.

"ಎರಡು ತಿಂಗಳು ಬಾಯಿ ಮುಚಗೊಂಡು ಕುಂತೆಲ್ಲ ಮೋನವ್ವ, ಅದಕ್ಕ ಏನನಬೇಕು? ಇರ್ಲಿ. ಬೊಟ್ಟ ಹಚ್ಚಿದ್ದೆ ಅಂತೀದಿ. ಹಚ್ಚಿದ್ರ ಗಾಡಿಗೆ ಹಾಕಾವ್ರಿಗೆ ಯಾಕ ಕಾಣ್ಲಿಲ್ಲ?" ಎಂದು ನಾನು ತೆಗೆದ ಫೋಟೋಗಳನ್ನು ಸ್ಕ್ರೀನಿನಲ್ಲಿ ದೊಡ್ಡದು ಮಾಡಿದರು. ಎರಡೂ ಡಬ್ಬಿಗಳ ಮೂಲೆ ಲಕಲಕ ಎನ್ನುತ್ತಿತ್ತು.

ಗೂಟ ಅವರ ತಲೆಯ ಹಿಂದೆಯೇ ಇತ್ತು. ಅಂದು ಬೆಳಗ್ಗೆ ಎಲ್ಲರಿಗಿಂತ ಮೊದಲು ಬಂದು ಆ ಬಟ್ಟೆಯನ್ನು ನಾನು ತೊಳೆದು ಹಾಕಿದ್ದೆ. ಮೋನಮ್ಮ ನೀರು ತೊಟ್ಟಿಕ್ಕುತ್ತಿದ್ದ ಬಟ್ಟೆಯನ್ನು ನೋಡಿದಳು. ಆಮೇಲೆ ನನ್ನನ್ನು. ಒಂದು ಮಾತು ಸಾಕಿತ್ತು. ಹಜರಮ್ಮ ಒರೆಸಿದಳು ಎಂದು ಅವಳು ಹೇಳಬಹುದಿತ್ತು. ನಾನು ಒರೆಸಿದೆ ಎಂದು ನಾನೂ ಹೇಳಬಹುದಿತ್ತು. ಅಪ್ಪನ ಹೊಲಿಗೆ ಯಂತ್ರ, ಮನೆಯಲ್ಲಿ ನಾನೊಬ್ಬಳೇ ತರುವ ಪಗಾರ, ಎಲ್ಲ ಕಣ್ಣ ಮುಂದೆ ಬಂತು. ಸ್ಕ್ರೀನನ್ನೇ ನೋಡುತ್ತ ನಿಂತೆ.

"ಹ್ವಾದ ಮಳಿಗಾಲದ ಸುಣ್ಣರಿ ಧಣಿ," ಎಂದಳು ಮೋನಮ್ಮ. "ಒಣಗಿ ಉದುರಿರ್ತದ."

ಸಾಹುಕಾರರು ಫೋಟೋ ಮುಚ್ಚಿ, "ನಾಳಿಯಿಂದ ಬರಬ್ಯಾಡವ್ವ," ಎಂದರು. ಅವಳು ಕೈಮುಗಿದಳು. ಹೋಗುವಾಗ ಬಾಗಿಲಲ್ಲಿ ನನ್ನ ಹತ್ತಿರ ನಿಂತು ಮೆಲ್ಲಗೆ ಅಂದಳು: "ನಿನಗ ಇನ್ನಾ ಭಾಳ ದಿನ ಅದಾವ ಯವ್ವಾ. ಬೊಟ್ಟ ಕಂಡ್ರ ನೋಡು, ಒರಸಬ್ಯಾಡ."

ಈಗ ಅವಳು ದಿನಗೂಲಿಗೆ ಮೆಣಸಿನಕಾಯಿ ಬಿಡಿಸಲು ಹೋಗುತ್ತಾಳಂತೆ. ಕೈಯ ಬಾವು ಇಳಿದಿಲ್ಲವಂತೆ. ನಾನು ಇನ್ನೂ ಅವಳ ಮನೆಗೆ ಹೋಗಿಲ್ಲ. ಹೋಗಲು ಭಯ.

ಅದೇ ದಿನ ಸಂಜೆ ಹಾಜರಿ ಯಂತ್ರದಿಂದ ಅವಳ ಹೆಸರು ತೆಗೆಯಲು ಸಾಹುಕಾರರು ಹೇಳಿದರು. ಹೆಸರು ಒತ್ತಿದೆ. ತೆಗೆಯುವವರು ಯಾರು, ಬೆರಳು ಇಡಿ ಎಂದು ಯಂತ್ರ ಕೇಳಿತು. ನನ್ನ ಹೆಬ್ಬೆರಳು ಇಟ್ಟೆ. ಒಂದೇ ಸಲಕ್ಕೆ ಹಸಿರು ದೀಪ ಹತ್ತಿತು.